ಎದ್ದು ನಿಲ್ಲಿ, ಕೈ ಬೀಸಿ

ಮೇ 7, ಬುಧವಾರ

ಕೊಟ್ಟ ಮಾತು: ನಮ್ಮ ಊರು ಕೆಟಲ್ ಬೆಂಡ್‌ನ ಆಸ್ಪತ್ರೆಗೆ ನಾಲ್ಕು ಡಯಾಲಿಸಿಸ್ ಯಂತ್ರ.

ಕೊಟ್ಟವನು: ಶಾಸಕ ಟ್ರೆವರ್ ಹಾಲ್ಸ್ಟೆಡ್. ಚುನಾವಣೆಗೆ ಮುಂಚೆ, ಚರ್ಚಿನ ನೆಲಮಾಳಿಗೆಯಲ್ಲಿ, ನಾವೇ ಮಾಡಿದ, ಆಲೂಗಡ್ಡೆ ತುಂಬಿದ ಪೆರೋಗಿ ಕಡುಬನ್ನು ಬಾಯಲ್ಲಿಟ್ಟುಕೊಂಡು.

ನಡೆದದ್ದು: ಒಂದು ಕೋಣೆ ಖಾಲಿ ಮಾಡಿಸಿದರು. ನೀಲಿ ಬಣ್ಣ ಹೊಡೆಸಿದರು. ನೀರಿನ ಕೊಳವೆ ಹಾಕಿಸಿದರು. ರಿಬ್ಬನ್ ಕತ್ತರಿಸಿದರು. ಬೀಗ ಜಡಿದರು.

ಸಿಕ್ಕ ಉತ್ತರ: ಮೊದಲು ‘ಬರುವ ವಸಂತಕ್ಕೆ’. ಆಮೇಲೆ ‘ಪರಿಶೀಲನೆಯಲ್ಲಿದೆ’. ಈಗ ಉತ್ತರವೇ ಇಲ್ಲ.

ಮಾಂಸದ ಕಾರ್ಖಾನೆಯಲ್ಲಿ ಕಾರ್ಮಿಕ ಸಂಘದ ಅಧ್ಯಕ್ಷೆಯಾಗಿದ್ದಾಗ ನಾನು ಕಲಿತ ಪಾಠ ಇದು: ಸಿಟ್ಟು ಮಾಡುವ ಮುಂಚೆ ಪಟ್ಟಿ ಮಾಡು. ಪಟ್ಟಿ ಆಯಿತು. ಇನ್ನು ಸಿಟ್ಟು.

ನನ್ನ ತಮ್ಮ ಓರೆಸ್ಟನ ಎರಡೂ ಮೂತ್ರಪಿಂಡಗಳು ಕೈಕೊಟ್ಟಿವೆ. ವಾರಕ್ಕೆ ಮೂರು ಸಲ ಪ್ರಾಂತ್ಯದ ರಾಜಧಾನಿಯ ಆಸ್ಪತ್ರೆಗೆ ಹೋಗಿ ರಕ್ತ ಶುದ್ಧಿ ಮಾಡಿಸಿಕೊಂಡು ಬರಬೇಕು. ಹೋಗಲು ಎರಡು ಗಂಟೆ, ಯಂತ್ರದ ಮುಂದೆ ನಾಲ್ಕು ಗಂಟೆ, ಬರಲು ಎರಡು ಗಂಟೆ. ಹಿಮ ಬಿದ್ದರೆ ಲೆಕ್ಕ ದೇವರದು. ಊರಲ್ಲಿ ಇಂಥವರು ಆರು ಮಂದಿ. ಅವರನ್ನು ಕರೆದೊಯ್ಯಲು ಕಾರಿರುವವರನ್ನೆಲ್ಲ ಹಿಡಿದು ಸರದಿ ಕಟ್ಟಿದವಳು ನಾನು. ಎರಡು ಚಳಿಗಾಲ ಕಳೆದಿವೆ, ಒಬ್ಬರಿಗೂ ಒಂದು ಸಲವೂ ಚಿಕಿತ್ಸೆ ತಪ್ಪಿಲ್ಲ. ಈ ಸರ್ಕಾರದ ಯಾವ ಇಲಾಖೆಯಾದರೂ ಹೀಗೆ ನಡೆದದ್ದುಂಟೇ ಎಂದು ಕೇಳಬೇಕೆನ್ನಿಸುತ್ತದೆ.

ಇವತ್ತು ವಾಪಸು ಬರುವಾಗ ಓರೆಸ್ಟ್ ಕಿಟಕಿಗೆ ತಲೆಯಾನಿಸಿ ಕೇಳಿದ. “ಅಕ್ಕ, ವಿಧಾನಸಭೆ ಬೇಸಿಗೆ ರಜಕ್ಕೆ ಮುಚ್ಚೋದು ಯಾವಾಗ?”

“ಜೂನ್ ಐದಕ್ಕೆ. ಯಾಕೆ?”

“ಅಲ್ಲಿವರೆಗೆ ಬರ್ತೀನಿ. ಅಷ್ಟರೊಳಗೆ ಮಷೀನ್ ಬರ್ಲಿಲ್ಲ ಅಂದ್ರೆ ನಾನೂ ರಜ ತಗೋತೀನಿ. ಕೆರೆ ಮೇಲೆ ದೋಣಿ ಹಾಕ್ಕೊಂಡು ಮೀನು ಹಿಡೀತಾ ಇರ್ತೀನಿ.”

“ಎಷ್ಟು ದಿನ ಹಿಡೀತೀಯೋ?”

“ಹತ್ತು ದಿನ ಅಂತಾರೆ ಡಾಕ್ಟ್ರು. ಮೀನು ಚೆನ್ನಾಗಿ ಬಿದ್ರೆ ಹನ್ನೊಂದು.”

ಅವನು ತಮಾಷೆಯ ದನಿಯಲ್ಲೇ ಹೇಳಿದ, ಆದರೆ ತಮಾಷೆಯಾಗಿರಲಿಲ್ಲ. ಹೇಡಿ ಎಂದೆ. ಜೀವಮಾನದಲ್ಲಿ ಒಂದು ಮೆರವಣಿಗೆಗೂ ಬಾರದ ಗಂಡಸು ಬೇರೆ ಏನು ತಾನೇ ಮಾಡಿಯಾನು? ಧಾನ್ಯದ ಕಣಜದಲ್ಲಿ ಮೂವತ್ತು ವರ್ಷ ದೂಳು ನುಂಗಿದ, ಒಂದು ದಿನ ದನಿಯೆತ್ತಲಿಲ್ಲ. ಈಗಲೂ ದನಿಯೆತ್ತದೆ ಸಾಯುತ್ತಾನಂತೆ.

ಮೇ 9, ಶುಕ್ರವಾರ

ಆಸ್ಪತ್ರೆಯಲ್ಲಿ ಕಾಯುವವರ ಕೋಣೆಯ ಟಿ.ವಿ.ಯಲ್ಲಿ ವಿಧಾನಸಭೆಯ ನಿನ್ನೆಯ ಕಲಾಪ ಹಾಕಿದ್ದರು. ಚಾನೆಲ್ ಬದಲಿಸುವ ರಿಮೋಟ್ ಕಳೆದುಹೋಗಿದೆಯಂತೆ. ರೋಗಕ್ಕಿಂತ ದೊಡ್ಡ ಶಿಕ್ಷೆ.

ಕಲಾಪ ಶುರುವಾಗುವ ಮುಂಚೆ ಸದಸ್ಯರು ಒಬ್ಬೊಬ್ಬರಾಗಿ ಎದ್ದು ತಮ್ಮ ಕ್ಷೇತ್ರದ ಬಗ್ಗೆ ಎರಡೆರಡು ನಿಮಿಷ ಮಾತಾಡುವ ಪದ್ಧತಿಯೊಂದಿದೆ. ರಜೆ ಹತ್ತಿರ ಬಂದಂತೆ ಅದಕ್ಕೆ ನೂಕುನುಗ್ಗಲು, ಬೇಸಿಗೆಯಲ್ಲಿ ಊರಿಗೆ ಹೋಗಿ ಮುಖ ತೋರಿಸಬೇಕಲ್ಲ. ಒಬ್ಬ ತನ್ನೂರಿನ ಟೈರ್ ಅಂಗಡಿಗೆ ನಲವತ್ತು ತುಂಬಿತೆಂದ. ಒಬ್ಬಳು ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್ ಆಟದ ತಂಡದ ಅಜ್ಜಂದಿರನ್ನು ಹೊಗಳಿದಳು. ಇನ್ನೊಬ್ಬ, ತನ್ನ ಕ್ಷೇತ್ರದ ಹೆದ್ದಾರಿ ಪಕ್ಕ ನಿಲ್ಲಿಸಿರುವ ಸಿಮೆಂಟಿನ ಹೆಬ್ಬಾತು ಇಡೀ ಪ್ರಾಂತ್ಯದಲ್ಲೇ ದೊಡ್ಡದೆಂದು ಕಣ್ಣೊರೆಸಿಕೊಂಡ. ಪ್ರತಿಸಲವೂ ಗ್ಯಾಲರಿಯಲ್ಲಿ ಅತಿಥಿಗಳು ಎದ್ದು ಕೈ ಬೀಸುತ್ತಾರೆ. ಕೆಳಗೆ ಎಲ್ಲ ಪಕ್ಷದವರೂ ಒಂದಾಗಿ ಮೇಜು ಗುದ್ದುತ್ತಾರೆ. ಬೆಳಗ್ಗೆಯಿಂದ ಸಂಜೆಯವರೆಗೆ ಕಚ್ಚಾಡುವ ನಾಯಿಗಳು ಹೆಬ್ಬಾತಿನ ವಿಷಯದಲ್ಲಿ ಮಾತ್ರ ಒಂದೇ ತಾಯಿಯ ಮಕ್ಕಳು.

ನಮ್ಮ ಕಾರಿನಲ್ಲೇ ಬರುವ ಇನ್ನೊಬ್ಬ ರೋಗಿ ಕ್ಲೆಮೆನ್ಸಮ್ಮ. ಮೇಟಿ ಎಂಬ ಇಲ್ಲಿನ ಮೂಲನಿವಾಸಿ ಜನಾಂಗದವಳು, ಹಿಂದೆ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದಳು. ಚಿಕಿತ್ಸೆ ಮುಗಿಸಿ ಬಂದವಳು ತೋಳಿನ ಪಟ್ಟಿ ಒತ್ತಿಕೊಂಡು ಸ್ವಲ್ಪ ಹೊತ್ತು ನೋಡಿದಳು.

“ಇವರೆಲ್ಲ ಯಾಕೆ ಹೀಗೆ ಮೇಜು ಬಡೀತಾರೆ?”

“ಸಂತೋಷಕ್ಕೆ,” ಎಂದೆ.

“ನಮ್ಮ ಶಾಲೇಲಿ ಊಟ ತಡವಾದ್ರೆ ಮಕ್ಕಳು ಹೀಗೇ ಬಡೀತಿದ್ವು. ಎರಡೇಟು ಬಿಟ್ರೆ ಸುಮ್ನಾಗೋವು.”

ಮೇ 15, ಗುರುವಾರ

ಹಾಲ್ಸ್ಟೆಡ್‌ನ ಕ್ಷೇತ್ರ ಕಚೇರಿಗೆ ನುಗ್ಗಿದೆವು. ನುಗ್ಗಿದೆವು ಎಂದರೆ ನಾನು ನುಗ್ಗಿದೆ, ಓರೆಸ್ಟ್ ಹಿಂದಿನಿಂದ ಬಂದು ಕುರ್ಚಿ ಹುಡುಕಿಕೊಂಡ. ಹಾಲ್ಸ್ಟೆಡ್ ಗುಂಡುಮುಖದವನು, ಕೈಕುಲುಕುವಾಗ ಎರಡೂ ಕೈ ಬಳಸುತ್ತಾನೆ. ಒಂದು ಕೈಯಲ್ಲಿ ಕುಲುಕಿ ಇನ್ನೊಂದರಲ್ಲಿ ಜೇಬು ಕತ್ತರಿಸುವವರ ಹಾಗೆ.

“ಮೇಡಂ, ನಿಮ್ಮ ಪರ ನಾನು ಆರೋಗ್ಯ ಇಲಾಖೆ ಜೊತೆ ಜಗಳಾನೇ ಆಡಿದೀನಿ,” ಎಂದ. “ಆದ್ರೆ ಅವರ ಕಡೆ ಒಂದು ಅಂಕಿ ಇದೆ. ಎಲ್ಲಿ ರೋಗಿಗಳಿಗೆ ಚಿಕಿತ್ಸೆ ತಪ್ಪುತ್ತೋ ಆ ಊರಿಗೆ ಮೊದಲು ಮಷೀನು. ಕೆಟಲ್ ಬೆಂಡ್‌ನಲ್ಲಿ ಎರಡು ವರ್ಷದಲ್ಲಿ ಒಬ್ಬರಿಗೂ ತಪ್ಪಿಲ್ಲ.”

“ತಪ್ಪಿಲ್ಲ, ಯಾಕಂದ್ರೆ ನಾವು ಕರ್ಕೊಂಡು ಹೋಗ್ತೀವಿ.”

“ಅದನ್ನೇ ಹೇಳ್ತಿರೋದು ಮೇಡಂ. ನಿಮ್ಮ ವ್ಯವಸ್ಥೆ ಇಡೀ ಪ್ರಾಂತ್ಯಕ್ಕೆ ಮಾದರಿ.”

ನಾನು ಮೇಜಿನ ಮೇಲೆ ಗುದ್ದಿದೆ. ಅವನು ಹಲ್ಲು ಕಿರಿದ. ಮೇಜು ಗುದ್ದುವುದು ಅವರಿಗೆ ಪ್ರಶಂಸೆ ಎಂಬುದು ನನಗೆ ಮರೆತೇಹೋಗಿತ್ತು.

ಹೊರಗೆ ಬಂದಮೇಲೆ ಓರೆಸ್ಟ್ ಹೇಳಿದ. “ಅಕ್ಕ, ನೀನು ಕೆಲಸ ಚೆನ್ನಾಗಿ ಮಾಡಿದ್ದೇ ತಪ್ಪಾಯ್ತು. ಮೊದಲ ಚಳಿಗಾಲ ನಮ್ಮಲ್ಲಿ ಇಬ್ಬರನ್ನ ಸಾಯೋಕೆ ಬಿಟ್ಟಿದ್ರೆ ಈ ಹೊತ್ತಿಗೆ ಮಷೀನು ಬಂದಿರೋದು.”

ಕೃತಘ್ನ. ಯಾರಿಗಾಗಿ ಮಾಡಿದೆನೋ ಅವನ ಬಾಯಲ್ಲೇ ಇಂಥ ಮಾತು. ಈ ಊರಿನವರ ಸ್ವಭಾವವೇ ಅದು. ನೆರೆಮನೆಯವನ ಕಾರು ಹಳ್ಳಕ್ಕೆ ಬಿದ್ದರೆ ಕೇಳದೆಯೇ ಹಗ್ಗ ತರುತ್ತಾರೆ, ರಸ್ತೆ ಸರಿಮಾಡದವನ ಹೆಸರೆತ್ತಲು ಮಾತ್ರ ನಾಲಗೆ ಬರುವುದಿಲ್ಲ.

ಮೇ 20, ಮಂಗಳವಾರ

ಹಾಲ್ಸ್ಟೆಡ್ ಫೋನ್ ಮಾಡಿದ. ರಜೆಗೆ ಮುಂಚಿನ ವಾರ, ಜೂನ್ ಮೂರಕ್ಕೆ, ಅವನ ಎರಡು ನಿಮಿಷದ ಸರದಿಯಂತೆ. ಕೆಟಲ್ ಬೆಂಡ್‌ನ ಕಾರಿನವರ ಬಗ್ಗೆ ಮಾತಾಡುತ್ತಾನಂತೆ, ನಾವು ಗ್ಯಾಲರಿಯಲ್ಲಿ ಕೂರಬೇಕಂತೆ.

ಮೂಗಿಗೆ ತುಪ್ಪ ಸವರುವ ಕೆಲಸ. ಫೋನಿಟ್ಟೆ.

ಸಂಜೆ ನಾನೇ ಫೋನ್ ಮಾಡಿ ಒಪ್ಪಿಕೊಂಡೆ. ಇದು ತಂತ್ರ. ಶತ್ರುವಿನ ಮನೆಯೊಳಗೇ ಹೋಗಿ ಶತ್ರುವಿನ ಬಾಯಿಂದಲೇ ನಮ್ಮ ಬೇಡಿಕೆ ಹೇಳಿಸುವುದು. ನಾಲ್ಕು ಯಂತ್ರದ ಬಗ್ಗೆ ಒಂದು ಸಾಲಾದರೂ ಇರಬೇಕು ಎಂದೆ. “ಖಂಡಿತ,” ಎಂದ. ಸಭೆಯ ಕಡತದಲ್ಲಿ ಒಂದು ಸಲ ಬಂದರೆ ಅದನ್ನು ಅಳಿಸಲಾಗುವುದಿಲ್ಲ.

ಮೇ 24, ಶನಿವಾರ

ಬೇಕರಿಯ ವೆರ್ನಾ ಕುಣಿಯುತ್ತಿದ್ದಾಳೆ. ಅವಳ ಬೇಕರಿಗೆ ಐವತ್ತು ವರ್ಷ ತುಂಬಿದ್ದನ್ನೂ ಹಾಲ್ಸ್ಟೆಡ್ ಅದೇ ಭಾಷಣದಲ್ಲಿ ಹೇಳುತ್ತಾನಂತೆ. ಸದಸ್ಯರಿಗೆಲ್ಲ ಗಸಗಸೆಯ ಸಿಹಿಸುರುಳಿ ಮಾಡಿ ಒಯ್ಯುತ್ತಾಳಂತೆ.

“ಅವರಿಗ್ಯಾಕೆ ತಿನ್ನಿಸ್ತೀಯೇ?” ಎಂದೆ.

“ಬರಿಗೈಲಿ ಹೋಗೋಕಾಗುತ್ತೇನೇ ಲೆಸ್ಯಾ? ನಮ್ಮನ್ನ ಕರೆದಿದಾರೆ.”

ಕರೆದಿದ್ದಾರಂತೆ. ಹೆಸರು ಹಿಡಿದು ಕರೆದರೆ ಬಾಲ ಅಲ್ಲಾಡಿಸುವ ಜಾತಿ. ಐವತ್ತು ವರ್ಷ ಮುಂಜಾನೆ ಎದ್ದು ಹಿಟ್ಟು ನಾದಿದ ಹೆಂಗಸಿಗೆ ತನ್ನ ಬೆಲೆ ತಿಳಿಯಲು ಹಾಲ್ಸ್ಟೆಡ್‌ನ ಬಾಯಿ ಬೇಕೆ?

ಭಾಷಣಕ್ಕೆ ಬೇಕೆಂದು ಅವನ ಕಚೇರಿಯವರು ನನ್ನ ವಿವರ ಕೇಳಿದರು. ಕೇಳಿದ್ದಕ್ಕೆ ಹೇಳಿದೆ: ಕಾರ್ಖಾನೆಯ ಹರತಾಳ, ಸಂಘದ ಅಧ್ಯಕ್ಷಗಿರಿ, ಸರದಿ ಕಟ್ಟಿದ್ದು. ಹರತಾಳ ಎಷ್ಟು ವಾರ ನಡೆಯಿತೆಂಬುದನ್ನು ಅವರು ತಪ್ಪು ಬರೆದುಕೊಂಡಿದ್ದರು. ಮತ್ತೆ ಫೋನ್ ಮಾಡಿ ತಿದ್ದಿಸಿದೆ. ಇತಿಹಾಸದ ವಿಷಯ, ಸರಿಯಾಗಿರಬೇಕು.

ಮೇ 30, ಶುಕ್ರವಾರ

ಗ್ಯಾಲರಿಯ ನಿಯಮ ಕಳಿಸಿದ್ದಾರೆ. ಚಪ್ಪಾಳೆ ಹೊಡೆಯಬಾರದು, ಅದು ಕೆಳಗಿನವರಿಗೆ ಮಾತ್ರ. ಮಾತಾಡಬಾರದು. ಫಲಕ ಹಿಡಿಯಬಾರದು. ಎದೆಯ ಮೇಲೆ ಘೋಷಣೆಯ ಬಿಲ್ಲೆ ಇರಬಾರದು. ಜನರ ಮನೆಯಲ್ಲಿ ಜನರ ಬಾಯಿಗೆ ಬೀಗ. ಇಂಥ ಕಡೆ ಮರ್ಯಾದಸ್ಥರು ಕಾಲಿಡಬಾರದು.

ಕಾರಿನಲ್ಲಿ ಎಲ್ಲರಿಗೂ ಹೇಳಿದೆ: ‘ನಾಲ್ಕು ಯಂತ್ರ ಎಲ್ಲಿ’ ಎಂಬ ಬಿಲ್ಲೆಗಳನ್ನು ಆವತ್ತು ಮನೆಯಲ್ಲೇ ಬಿಟ್ಟು ಬನ್ನಿ. ಬಾಗಿಲಲ್ಲಿ ಗಲಾಟೆಯಾದರೆ ಟ್ರೆವರ್‌ಗೆ ಮುಜುಗರ, ಆ ಒಂದು ಸಾಲು ತಪ್ಪಿಹೋಗುತ್ತದೆ.

ಹಿಂದಿನ ಸೀಟಿನಿಂದ ಓರೆಸ್ಟ್ ಕೇಳಿದ. “ಯಾರಿಗೆ ಮುಜುಗರ ಅಂದೆ?”

“ಹಾಲ್ಸ್ಟೆಡ್‌ಗೆ.”

“ಅಲ್ಲ, ಬೇರೆ ಏನೋ ಅಂದ್ಯಲ್ಲ. ಕ್ಲೆಮೆನ್ಸಮ್ಮ, ನಿಮಗೆ ಕೇಳಿಸ್ತಾ?”

“ನಂಗೆ ಕಿವಿ ಮಂದ ಕಣಪ್ಪ,” ಎಂದಳು ಆ ಮುದುಕಿ. “ಆದ್ರೂ ಕೇಳಿಸ್ತು.”

ಇಬ್ಬರೂ ಮಕ್ಕಳ ಹಾಗೆ ಕಿಸಿಕಿಸಿ ನಕ್ಕರು. ಹೋರಾಟದಲ್ಲಿ ಶಿಸ್ತು ಎಂದರೇನೆಂದು ತಿಳಿಯದವರನ್ನು ಕಟ್ಟಿಕೊಂಡು ನಾನು ಏಗಬೇಕು. ಓರೆಸ್ಟನ ಕಾಲು ಊದಿಕೊಂಡಿದೆ, ಬೂಟಿನ ದಾರ ಬಿಚ್ಚಿಟ್ಟು ನಡೆಯುತ್ತಾನೆ. ರಜದ ಮಾತನ್ನು ಅವನು ಮತ್ತೆ ಎತ್ತಿಲ್ಲ. ಆದರೆ ದೋಣಿಗೆ ಬಣ್ಣ ಹೊಡೆದಿದ್ದಾನೆ.

ನೀಲಿ ಅಂಗಿ ಇಸ್ತ್ರಿ ಮಾಡಿಟ್ಟೆ.

ಜೂನ್ 3, ಮಂಗಳವಾರ

ಎಲ್ಲವನ್ನೂ ಇದ್ದಹಾಗೆ ಬರೆಯುತ್ತೇನೆ.

ಗ್ಯಾಲರಿಯಲ್ಲಿ ನಮ್ಮನ್ನು ಎರಡನೇ ಸಾಲಿನಲ್ಲಿ ಕೂರಿಸಿದರು. ಓರೆಸ್ಟ್, ಕ್ಲೆಮೆನ್ಸಮ್ಮ, ಇನ್ನೂ ಮೂವರು ರೋಗಿಗಳು, ಕಾರು ಓಡಿಸುವ ಏಳೆಂಟು ಮಂದಿ, ವೆರ್ನಾ, ನಾನು. ಕೆಳಗೆ ಆ ಮಹನೀಯರು. ಒಬ್ಬ ಫೋನಿನಲ್ಲಿ ಬೆರಳಾಡಿಸುತ್ತಿದ್ದ. ಒಬ್ಬಳು ವೆರ್ನಾಳ ಗಸಗಸೆ ಸುರುಳಿಯನ್ನು ಮೇಜಿನ ಕೆಳಗೆ ಹಿಡಿದು ತಿನ್ನುತ್ತಿದ್ದಳು. ಸಭೆಯಲ್ಲಿ ತಿನ್ನಬಾರದೆಂಬ ನಿಯಮ ಇರಬೇಕು.

ಹಾಲ್ಸ್ಟೆಡ್‌ಗೆ ಮುಂಚೆ ಒಬ್ಬ ಎದ್ದು ಒಂದು ಐಸ್‌ಕ್ರೀಂ ಗಾಡಿಯ ಮಹಿಮೆ ಹಾಡಿದ. ಮೇಜು ಗುದ್ದಿದರು. ಆಮೇಲೆ ನಮ್ಮವನು ಎದ್ದ.

ಮೊದಲು ವೆರ್ನಾಳ ಬೇಕರಿ. ಅವಳು ಎದ್ದು ಕೈ ಬೀಸಿದಳು, ಎರಡೂ ಕೆನ್ನೆ ಒದ್ದೆ. ಆಮೇಲೆ ನಾವು.

“ಮಾನ್ಯ ಸಭಾಧ್ಯಕ್ಷರೇ, ನನ್ನ ಕ್ಷೇತ್ರದ ಜನ ಎಂಥವರು ಅಂತ ಸದನಕ್ಕೆ ತಿಳಿಸೋದು ನನ್ನ ಹೆಮ್ಮೆ. ನೆರೆಯವರಿಗೆ ಕಾಯಿಲೆ ಬಂದ್ರೆ ಇವರು ಸರ್ಕಾರದ ದಾರಿ ಕಾಯೋದಿಲ್ಲ. ದೂರೋದಿಲ್ಲ. ಕಾರ್ ಸ್ಟಾರ್ಟ್ ಮಾಡ್ತಾರೆ. ಬೇರೆಯವರು ಸೌಲಭ್ಯ ಬೇಕು ಅಂತ ಕೈ ಚಾಚೋ ಹೊತ್ತಲ್ಲಿ ಕೆಟಲ್ ಬೆಂಡ್‌ನ ಜನ ಪರಸ್ಪರ ಕೈ ಹಿಡೀತಾರೆ. ಈ ಎರಡು ಗಂಟೆಯ ದಾರಿ ಅವರಿಗೆ ಹೊರೆ ಅಲ್ಲ, ಅದು ಅವರ ಸಂಸ್ಕೃತಿ. ಇವರ ನಾಯಕಿ ಲೆಸ್ಯಾ ಪವ್ಲೀಕ್, ಇವರ ಧೀರ ತಮ್ಮ ಓರೆಸ್ಟ್, ಮತ್ತು ಗೆಳೆಯರೆಲ್ಲ ಇವತ್ತು ನಮ್ಮ ಅತಿಥಿಗಳು. ದಯವಿಟ್ಟು ಎದ್ದು ನಿಲ್ಲಿ.”

ಅಷ್ಟೇ. ನಾಲ್ಕು ಯಂತ್ರ ಇಲ್ಲ. ಒಂದು ಯಂತ್ರವೂ ಇಲ್ಲ. ಹರತಾಳ ಇಲ್ಲ.

ಗುದ್ದು ಶುರುವಾಯಿತು. ಎಲ್ಲ ಪಕ್ಷದವರೂ ಸೇರಿ ಗುದ್ದಿದರು. ನಾನು ಎದ್ದು ನಿಂತೆ. ಹೆಸರು ಕರೆದರೆ ಏಳುವುದು ಈ ಕಡೆಯವರ ಅಭ್ಯಾಸ, ಚರ್ಚಿನಲ್ಲೂ ಹಾಗೆ, ಶಾಲೆಯಲ್ಲೂ ಹಾಗೆ. ಕೈಯೂ ಸ್ವಲ್ಪ ಮೇಲೆ ಹೋಗಿರಬೇಕು. ಕಾರಿನವರೂ ನನ್ನನ್ನು ನೋಡಿ ಎದ್ದರು.

ಓರೆಸ್ಟ್ ಏಳಲಿಲ್ಲ.

ಮೊದಲು ಆಯಾಸ ಎಂದುಕೊಂಡೆ. ಅವನು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಹಾಲ್ಸ್ಟೆಡ್‌ನನ್ನೇ ನೋಡುತ್ತಿದ್ದ. ಪಕ್ಕದಲ್ಲಿ ಕ್ಲೆಮೆನ್ಸಮ್ಮ ಅವನನ್ನೊಮ್ಮೆ ನೋಡಿ, ಏಳಲು ಊರಿದ್ದ ಕೋಲನ್ನು ಮತ್ತೆ ನೆಲಕ್ಕೆ ಮಲಗಿಸಿದಳು. ಉಳಿದ ಮೂವರು ರೋಗಿಗಳೂ ಕೂತೇ ಇದ್ದರು. ಹಾಲ್ಸ್ಟೆಡ್ ಅಂಗೈ ಮೇಲಕ್ಕೆತ್ತಿ ಏಳಿ ಏಳಿ ಎಂದು ಸನ್ನೆ ಮಾಡಿದ, ದನ ಎಬ್ಬಿಸುವ ಹಾಗೆ. ಗುದ್ದು ಇನ್ನೂ ನಡೆದಿತ್ತು, ಏಕೆಂದರೆ ಅತಿಥಿ ಕೂರುವವರೆಗೆ ಗುದ್ದುವುದು ಅವರ ಪದ್ಧತಿ. ಆದರೆ ಈ ಐವರು ಎದ್ದೇ ಇಲ್ಲ. ಯಾವಾಗ ನಿಲ್ಲಿಸಬೇಕೆಂದು ಯಾರಿಗೂ ತಿಳಿಯಲಿಲ್ಲ. ಹಿಂದಿನ ಸಾಲಿನವರು ಮೊದಲು ಬಿಟ್ಟರು, ಆಮೇಲೆ ಮುಂದಿನವರು. ಕೊನೆಗೆ ಒಬ್ಬನೇ ಒಬ್ಬ ಕಿವುಡ ಮುದುಕ ಗುದ್ದುತ್ತಿದ್ದ, ಅವನೂ ನಿಲ್ಲಿಸಿದ.

ಗ್ಯಾಲರಿಯ ಕಾವಲಿನವನು ಬಗ್ಗಿ ಓರೆಸ್ಟನ ಕಿವಿಯಲ್ಲಿ ಹೇಳಿದ. “ಸಾರ್, ಸ್ವಲ್ಪ ಎದ್ದೇಳ್ತೀರಾ?”

“ಕೂತಿರೋದು ನಿಯಮಕ್ಕೆ ವಿರುದ್ಧಾನಾ?”

ಕಾವಲಿನವನು ಯೋಚಿಸಿದ. “ಇಲ್ಲ ಸಾರ್.”

“ಹಾಗಾದ್ರೆ ಕೂತಿರ್ತೀನಿ.”

ಆ ನಿಶ್ಶಬ್ದದಲ್ಲಿ ಈ ಮಾತು ಕೆಳಗಿನವರೆಗೂ ಕೇಳಿಸಿತು. ವಿರೋಧ ಪಕ್ಷದವನೊಬ್ಬ ನಕ್ಕ. ಸಭಾಧ್ಯಕ್ಷರು ಮುಂದಿನವರನ್ನು ಕರೆದರು.

ಹೊರಗೆ ಮೆಟ್ಟಿಲ ಮೇಲೆ ಫೋಟೋ ಇತ್ತು. ಹಾಲ್ಸ್ಟೆಡ್ ಓರೆಸ್ಟನ ಹೆಗಲ ಮೇಲೆ ಕೈಯಿಟ್ಟ. “ಏಳೋಕಾಗ್ಲಿಲ್ವಾ? ಪಾಪ, ಸುಸ್ತು.”

“ಸುಸ್ತಲ್ಲ,” ಎಂದ ಓರೆಸ್ಟ್. “ನಾನು ಸಾಯ್ತಾ ಇರೋ ರೀತೀನ ನೀವು ಸಂಸ್ಕೃತಿ ಅಂದ್ರಿ. ಅದಕ್ಕೆ ಎದ್ದು ಕೈ ಬೀಸ್ಲಾ?”

ಫೋಟೋದಲ್ಲಿ ಹಾಲ್ಸ್ಟೆಡ್, ವೆರ್ನಾ, ನಾನು ಇದ್ದೇವೆ. ಯಾರಾದರೂ ಒಬ್ಬರು ಸಂಬಂಧ ಉಳಿಸಿಕೊಳ್ಳಬೇಕಲ್ಲ.

ವಾಪಸು ಬರುವಾಗ ಕಾರಿನಲ್ಲಿ ಯಾರೂ ನನ್ನ ಜೊತೆ ಜಗಳವಾಡಲಿಲ್ಲ. ಅದು ನನಗೆ ಸರಿಬರಲಿಲ್ಲ.

ಜೂನ್ 5, ಗುರುವಾರ

ಸಭೆ ಅಕ್ಟೋಬರ್‌ವರೆಗೆ ಮುಚ್ಚಿತು. ಕೊನೆಯ ದಿನ ಎಲ್ಲರೂ ಎಲ್ಲರಿಗೂ ಒಳ್ಳೆಯ ಬೇಸಿಗೆ ಹಾರೈಸಿದರಂತೆ.

ಬಿಲ್ಲೆ ಹುಡುಕಿ ಅಂಗಿಗೆ ಚುಚ್ಚಿಕೊಂಡೆ. ಮನೆಯಲ್ಲಿ ನೋಡುವವರು ಯಾರೂ ಇರಲಿಲ್ಲ.

ಜೂನ್ 6, ಶುಕ್ರವಾರ

ಬೆಳಗ್ಗೆ ಕಾರು ತಂದು ಓರೆಸ್ಟನ ಮನೆಯ ಮುಂದೆ ನಿಲ್ಲಿಸಿದೆ. ಕ್ಲೆಮೆನ್ಸಮ್ಮ ಹಿಂದೆ ಕೂತಿದ್ದಳು. ಅವನು ಬರಲಿಲ್ಲ. ಒಳಗೆ ಹೋದೆ. ಅಡುಗೆಮನೆಯಲ್ಲಿ ಮೀನಿನ ಗಾಳ ಹರಡಿಕೊಂಡು ಕೂತಿದ್ದ. ಮುಖ ಊದಿತ್ತು.

ಬೈಯಲು ಬಾಯಿ ತೆರೆದೆ. ಹೇಡಿ ಎಂಬ ಮಾತು ಬರಲಿಲ್ಲ. ಅದರ ಬದಲು ಬಂದದ್ದು: “ನಾನು ಆವತ್ತು ಏಳಬಾರದಾಗಿತ್ತು ಕಣೋ.”

“ಹೋಗ್ಲಿ ಬಿಡಕ್ಕ,” ಎಂದ. ಗಾಳ ಕೆಳಗಿಟ್ಟ. “ಇವತ್ತು ಸರದಿ ಯಾರ್ದು?”

“ನಂದು.”

“ನಿಂದಲ್ಲ. ಕಾರ್ ಓಡಿಸೋದು ನಮ್ಮ ಸಂಸ್ಕೃತಿ ಅಂದ್ನಲ್ಲ ಅವನು. ಅವನೂ ನಮ್ಮ ಊರಿನ ಶಾಸಕ ತಾನೇ? ಅವನಿಗೀಗ ರಜ. ಅವನು ಬರ್ಲಿ.”

ಇದೆಂಥ ಹುಚ್ಚು ಎಂದೆ. ಆದರೆ ಹಾಲ್ಸ್ಟೆಡ್ ಎಲ್ಲಿದ್ದಾನೆಂದು ಊರಿಗೆಲ್ಲ ಗೊತ್ತಿತ್ತು. ಬೇಸಿಗೆ ಶುರುವಾಯಿತೆಂದರೆ ಶಾಸಕರು ಏಪ್ರನ್ ಕಟ್ಟಿಕೊಂಡು ಮತದಾರರಿಗೆ ಪ್ಯಾನ್‌ಕೇಕ್ ಹುಯ್ದು ಬಡಿಸುವ ಪದ್ಧತಿ. ಇವತ್ತು ನಮ್ಮ ಊರಿನ ಸರದಿ, ಐಸ್ ಸ್ಕೇಟಿಂಗ್ ಅಂಗಳದ ಮುಂದಿನ ಬಯಲಿನಲ್ಲಿ.

ಅರ್ಧ ಊರೇ ಕಾಗದದ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿತ್ತು. ಓರೆಸ್ಟ್ ದಾರ ಬಿಚ್ಚಿದ ಬೂಟು ಎಳೆಯುತ್ತ ಕಾವಲಿಯ ಮುಂದೆ ಹೋದ.

“ಎಷ್ಟು ಹಾಕ್ಲಿ ಓರೆಸ್ಟ್?” ಎಂದ ಹಾಲ್ಸ್ಟೆಡ್.

“ತಿಂಡಿ ಬೇಡ. ನನಗೂ ಕ್ಲೆಮೆನ್ಸಮ್ಮಂಗೂ ಇವತ್ತು ಡಯಾಲಿಸಿಸ್. ನೀವು ಕರ್ಕೊಂಡ್ ಹೋಗಿ.”

ಹಾಲ್ಸ್ಟೆಡ್ ನಕ್ಕ. ಯಾರೂ ಜೊತೆಗೆ ನಗಲಿಲ್ಲ. “ಖಂಡಿತ ಬರ್ತಿದ್ದೆ. ಆದ್ರೆ ಹತ್ತು ಗಂಟೆಗೆ ಪಕ್ಕದ ಊರಲ್ಲಿ ಇದೇ ಕಾರ್ಯಕ್ರಮ ಇದೆ.”

“ಸೋಮವಾರ?”

“ಸೋಮವಾರ ಗಾಲ್ಫ್ ಇದೆ, ಸಹಾಯಾರ್ಥ.”

ಸಾಲಿನೊಳಗಿಂದ ವೆರ್ನಾ ಕೇಳಿದಳು, ಹಿಟ್ಟಿನ ಕೈಯಲ್ಲೇ ಬಂದಿದ್ದಳು. “ಬುಧವಾರನಾದ್ರೂ ಬರ್ತೀರಾ ಸಾರ್?”

ಹಾಲ್ಸ್ಟೆಡ್ ಸಹಾಯಕಿಯ ಕಡೆ ನೋಡಿದ. ಸಹಾಯಕಿ ಫೋನ್ ನೋಡಿ ತಲೆಯಲ್ಲಾಡಿಸಿದಳು. ಕಾವಲಿಯ ಮೇಲೆ ಪ್ಯಾನ್‌ಕೇಕ್ ಸೀಯುತ್ತಿತ್ತು. ಸಾಲಿನಲ್ಲಿದ್ದವರು ಅವನನ್ನು ನೋಡುವ ಬದಲು ಓರೆಸ್ಟನ ಕಾಲು ನೋಡುತ್ತಿದ್ದರು. ಎರಡು ವರ್ಷ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದವರೇ ಅಲ್ಲಿ ಅರ್ಧ ಜನ. ಆ ಕಾಲು ಅವರಿಗೆ ಹೊಸದಲ್ಲ. ಆದರೂ ಈಗಷ್ಟೇ ಕಂಡವರ ಹಾಗೆ ನೋಡಿದರು.

ಓರೆಸ್ಟ್ ಸಾಲಿನ ಕಡೆ ತಿರುಗಿದ. ಇವನಿಗೆ ಭಾಷಣ ಬರುವುದಿಲ್ಲ. ಕೆಮ್ಮಿ ಹೇಳಿದ. “ಇನ್ಮೇಲೆ ಪ್ರತಿ ಸೋಮವಾರ, ಬುಧವಾರ, ಶುಕ್ರವಾರ ನಮ್ಮ ಕಾರುಗಳು ಮೊದಲು ಇವರ ಮನೆ ಬಾಗಿಲಿಗೆ ಹೋಗ್ಲಿ. ಹಾರನ್ ಹೊಡೀಲಿ. ಇವರು ಬಂದ್ರೆ ಇವರೇ ಓಡಿಸ್ಲಿ. ಬರ್ಲಿಲ್ಲ ಅಂದ್ರೆ ನೀವು ಇದ್ದೇ ಇದೀರಿ. ನಮಗೆ ಚಿಕಿತ್ಸೇನೂ ತಪ್ಪಲ್ಲ, ಇವರಿಗೆ ನಿದ್ದೇನೂ ಸಿಗಲ್ಲ. ಕೂತು ಮಾತಾಡೋಣ, ಮಂಗಳವಾರ.”

ಒಂದು ತಟ್ಟೆ ಕಸದ ಡಬ್ಬಿಗೆ ಬಿತ್ತು. ಯಾರದೆಂದು ನೋಡಲಿಲ್ಲ. ಆಮೇಲೆ ಇನ್ನೊಂದು. ಸಾಲು ಕರಗಿತು. ಕಾವಲಿಯ ಹಿಂದೆ ಹಾಲ್ಸ್ಟೆಡ್ ಸಟುಗ ಹಿಡಿದು ನಿಂತೇ ಇದ್ದ.

ಮೂವತ್ತು ವರ್ಷದ ಅನುಭವದಲ್ಲಿ ಹೇಳುತ್ತೇನೆ, ಆ ಯೋಜನೆಯಲ್ಲಿ ಎರಡು ಮೂರು ಲೋಪಗಳಿವೆ. ನಾನಾಗಿದ್ದರೆ ಬೇರೆ ರೀತಿ ಕಟ್ಟುತ್ತಿದ್ದೆ. ಆದರೆ ಓರೆಸ್ಟ್ ಆಗಲೇ ಕಾರಿನ ಬಾಗಿಲು ತೆಗೆದು ಕೂತಿದ್ದ.

“ನಡಿ ಅಕ್ಕ, ಹೊತ್ತಾಯ್ತು.”

“ಮತ್ತೆ ರಜ?”

“ಮಂಗಳವಾರಕ್ಕೆ ಸಭೆ ಕರೆದು ಭಾನುವಾರ ಸಾಯೋಕಾಗುತ್ತಾ?” ಎಂದ. “ಅಧ್ಯಕ್ಷ ಯಾರು ಮತ್ತೆ?”

ಅಧ್ಯಕ್ಷತೆ ಅವನದೇ. ಅಜೆಂಡಾ ಬರೆಯುವವಳು ಕ್ಲೆಮೆನ್ಸಮ್ಮ. ಸಿಹಿಸುರುಳಿ ವೆರ್ನಾಳದು, ಈ ಸಲ ನಮ್ಮವರಿಗೆ. ನನ್ನ ಪಾಲಿಗೆ ಕುರ್ಚಿ ಹಾಕುವುದು, ಕಾಫಿ ಕಾಯಿಸುವುದು. ಚರ್ಚಿನ ನೆಲಮಾಳಿಗೆ, ಜೂನ್ ಹತ್ತು, ಮಂಗಳವಾರ, ಸಂಜೆ ಏಳು ಗಂಟೆ.